ಮೊಟ್ಟೆಯೊಳಗೆ ಹುಂಜವೋ, ಹ್ಯಾಟೆಯೋ?

(ಮಹಿಳಾ ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕಳೆದ ಸಭೆಯಲ್ಲಿ ನಾನು ಲಿಂಗ ನಿರ್ಧರಿತ ವೀರ್ಯದ ವಿಷಯ ಹೇಳುತ್ತಿದ್ದಾಗ ಒಬ್ಬ ತಾಯಿ ಎದ್ದು, "ಹಸುವಿಗೆ ಹೆಣ್ಣುಗರುವೇ ಹುಟ್ಟೋ ಹಾಗೆ ಮಾಡ್ತೀರಿ, ಕೋಳಿಗೆ ಯಾಕೆ ಆಗಲ್ಲ ಸಾರ್? ಕಾವಿಗಿಟ್ಟ ಹನ್ನೆರಡರಲ್ಲಿ ಎಂಟು ಹುಂಜ!" ಎಂದರು. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ.

ಹಸುವಿನಲ್ಲಿ ಕರು ಯಾವುದೆಂದು ತೀರ್ಮಾನಿಸುವುದು ಹೋರಿಯ ವೀರ್ಯಾಣು. ಎಕ್ಸ್ ವರ್ಣತಂತು ಇರುವ ವೀರ್ಯಾಣು ಕೂಡಿದರೆ ಹೆಣ್ಣುಗರು, ವೈ ಇರುವುದು ಕೂಡಿದರೆ ಗಂಡುಗರು. ಎಕ್ಸ್ ವೀರ್ಯಾಣುವಿನಲ್ಲಿ ಡಿ.ಎನ್.ಎ. ಶೇಕಡಾ 4ರಷ್ಟು ಹೆಚ್ಚು. ಆ ಸಣ್ಣ ವ್ಯತ್ಯಾಸ ಹಿಡಿದೇ ಯಂತ್ರದಲ್ಲಿ ಬೇರ್ಪಡಿಸಿ ನಳಿಕೆಗೆ ತುಂಬುತ್ತಾರೆ. ಇದರಿಂದ ಹುಟ್ಟುವ ನೂರು ಕರುಗಳಲ್ಲಿ ಸುಮಾರು 90 ಹೆಣ್ಣು. ಮನುಷ್ಯರಲ್ಲೂ ಗಂಡಸಿನಿಂದಲೇ ಇದು ತೀರ್ಮಾನವಾಗುವುದು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈಯುವವರು ಇದನ್ನು ಕೇಳಿಸಿಕೊಳ್ಳಲಿ.

ಕೋಳಿಯಲ್ಲಿ ಲೆಕ್ಕ ತಿರುಗುಮುರುಗು. ಹುಂಜದ ವೀರ್ಯಾಣುಗಳಲ್ಲೆಲ್ಲಾ ಒಂದೇ ಬಗೆಯ ಜೆಡ್ ವರ್ಣತಂತು. ಹ್ಯಾಟೆಯ ಅಂಡದಲ್ಲಿ ಜೆಡ್ ಇದ್ದರೆ ಹುಂಜ, ಡಬ್ಲ್ಯು ಇದ್ದರೆ ಹ್ಯಾಟೆ. ಹಾಗಾಗಿ ಹುಂಜದ ವೀರ್ಯ ಬೇರ್ಪಡಿಸಿ ಪ್ರಯೋಜನವಿಲ್ಲ. ಮೊಟ್ಟೆ ಇಟ್ಟ ಮೇಲೆ ಒಳಗಿರುವುದನ್ನು ಪತ್ತೆ ಮಾಡಬೇಕಷ್ಟೆ. ಚೂಪು ಮೊಟ್ಟೆ ಹುಂಜ, ಗುಂಡು ಮೊಟ್ಟೆ ಹ್ಯಾಟೆ ಎಂಬ ಮಾತನ್ನು ನಂಬಬೇಡಿ. ಮೊಟ್ಟೆಗೆ ಆಕಾರ ಬರುವುದು ಅಂಡನಾಳದಲ್ಲಿ. ಗಂಡು ಹೆಣ್ಣು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ಹನ್ನೆರಡರಲ್ಲಿ ಎಂಟು ಹುಂಜ ಬಂದದ್ದು ಅದೃಷ್ಟದ ಆಟ. ಮುಂದಿನ ಸಲ ಎಂಟು ಹ್ಯಾಟೆ ಬರಬಹುದು.

ಈ ಪತ್ತೆ ಹೆಚ್ಚಾಗಿ ಬೇಕಾಗಿರುವುದು ಮೊಟ್ಟೆ ಕೋಳಿ ಮರಿ ಮಾಡುವ ದೊಡ್ಡ ಹ್ಯಾಚರಿಗಳಿಗೆ. ಆ ತಳಿಯ ಹುಂಜ ಮೊಟ್ಟೆ ಇಡದು, ಮೈಯೂ ಬೇಗ ಕಟ್ಟದು. 1920ರ ದಶಕದಲ್ಲಿ ಜಪಾನಿನ ಮಸುಯಿ ಮತ್ತು ಅವರ ಜೊತೆಗಾರರು ಒಂದು ದಿನದ ಮರಿಯ ಗುದದ್ವಾರ ನೋಡಿ ಗಂಡು ಹೆಣ್ಣು ಹೇಳುವ ವಿದ್ಯೆ ಕಂಡುಹಿಡಿದರು. ಅಂದಿನಿಂದ ಹೆಣ್ಣು ಮರಿ ಮಾರಾಟಕ್ಕೆ, ಗಂಡು ಮರಿ ಹುಟ್ಟಿದ ದಿನವೇ ಸಾವಿಗೆ ಎಂಬಂತಾಯಿತು. ಜರ್ಮನಿಯೊಂದರಲ್ಲೇ ವರ್ಷಕ್ಕೆ ಸುಮಾರು 4.5 ಕೋಟಿ ಗಂಡು ಮರಿಗಳನ್ನು ಕೊಲ್ಲುತ್ತಿದ್ದರು. 2022ರ ಜನವರಿ 1ರಿಂದ ಅಲ್ಲಿ ಇದು ನಿಷೇಧವಾಯಿತು.

ಹಾಗಾಗಿ ಅಲ್ಲಿ ಮೊಟ್ಟೆಯಲ್ಲೇ ಪತ್ತೆ ಮಾಡಲು ಹೊರಟರು. ಒಂದು ವಿಧಾನದಲ್ಲಿ ಕಾವಿನ 9ನೇ ದಿನ ಲೇಸರ್ ಕಿರಣದಿಂದ ಚಿಪ್ಪಿಗೆ ಕೂದಲೆಳೆಯಷ್ಟು ತೂತು ಮಾಡಿ, ಒಂದು ಹನಿ ದ್ರವ ತೆಗೆದು ಹೆಣ್ಣು ಹಾರ್ಮೋನು ಇದೆಯೇ ನೋಡುತ್ತಾರೆ. ಇನ್ನೊಂದರಲ್ಲಿ ತೂತೇ ಇಲ್ಲ. 13ನೇ ದಿನ ಮೊಟ್ಟೆಯ ಮೂಲಕ ಬೆಳಕು ಹಾಯಿಸಿ ಒಳಗಿನ ಮರಿಯ ಪುಕ್ಕದ ಬಣ್ಣ ಗುರುತಿಸುತ್ತಾರೆ. ಕಂದು ಮೊಟ್ಟೆಯ ತಳಿಗಳಲ್ಲಿ ಗಂಡು ಬಿಳಿ, ಹೆಣ್ಣು ಕಂದು. ಬಿಳಿ ಮೊಟ್ಟೆಯ ತಳಿಗೆ ಈ ಉಪಾಯ ನಡೆಯದು.

ಆದರೂ ಒಂದು ಮಾತು. ಕಾವಿನ ಎರಡನೇ ದಿನವೇ ಭ್ರೂಣದ ಹೃದಯ ಬಡಿಯಲು ಶುರುವಾಗುತ್ತದೆ. 9ನೇ ದಿನ ತೆಗೆದರೂ ಜೀವವನ್ನೇ ತೆಗೆದಂತೆ. ಕೊಲ್ಲುವುದು ತಪ್ಪಿತು ಎನ್ನುವುದಕ್ಕಿಂತ ನೋವು ತಿಳಿಯುವ ಮೊದಲೇ ಆಯಿತು ಎನ್ನಬೇಕು. ಈ ಕಾರಣಕ್ಕೇ 2024ರಿಂದ ಜರ್ಮನಿಯಲ್ಲಿ 12ನೇ ದಿನದ ನಂತರ ಭ್ರೂಣ ನಾಶವನ್ನೂ ನಿಷೇಧಿಸಿದರು. ಅವರನ್ನು ಕ್ರೂರಿಗಳು ಎನ್ನುವ ಮೊದಲು ನಮ್ಮ ಕೊಟ್ಟಿಗೆಯನ್ನೂ ನೋಡಿಕೊಳ್ಳೋಣ. ಗಂಡುಗರುವಿಗೆ ಗಿಣ್ಣು ಹಾಲನ್ನೂ ಸರಿಯಾಗಿ ಕುಡಿಸದೆ, ತಾನಾಗಿ ಸಾಯಲಿ ಎಂದು ಬಿಡುವ ಮನೆಗಳಿಗೆ ನಾನೇ ಹೋಗಿ ಬಂದಿದ್ದೇನೆ. ಲಿಂಗ ನಿರ್ಧರಿತ ವೀರ್ಯದಿಂದ ಗರ್ಭ ಕಟ್ಟುವ ಪ್ರಮಾಣ ಸ್ವಲ್ಪ ಕಡಿಮೆ, ನಳಿಕೆಯ ಬೆಲೆಯೂ ಹೆಚ್ಚು. ಆದರೂ ಅದನ್ನು ಒಳ್ಳೆಯ ಪಡ್ಡೆಗಳಿಗೆ ಹಾಕಿಸಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಹಿತ್ತಲ ಕೋಳಿಗೆ ಈ ಯಂತ್ರ ಯಾವುದೂ ಬೇಡ. ನಾಟಿ ಹುಂಜಕ್ಕೆ ಊರಹಬ್ಬದಲ್ಲಿ ಎಷ್ಟು ಬೆಲೆಯೆಂದು ನಿಮಗೇ ಗೊತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ತಳಿಯಲ್ಲಿ ಹುಂಜ ಮಾಂಸಕ್ಕೆ, ಹ್ಯಾಟೆ ಮೊಟ್ಟೆಗೆ, ಯಾವುದೂ ದಂಡವಲ್ಲ. ನೀವು ಮಾಡಬೇಕಾದದ್ದು ಇಷ್ಟೆ: ಕಾವಿಗಿಟ್ಟ ಏಳನೇ ದಿನ ಕತ್ತಲಲ್ಲಿ ಟಾರ್ಚಿಗೆ ಮೊಟ್ಟೆ ಹಿಡಿದು ನೋಡಿ. ಜೇಡನ ಬಲೆಯಂತೆ ರಕ್ತನಾಳ ಕಂಡರೆ ಮರಿಯಿದೆ, ತಿರುಗಿ ಇಡಿ. ಬರೀ ತಿಳಿಯಾಗಿದ್ದರೆ ತೆಗೆದುಬಿಡಿ. ಕೊಳೆತು ಒಡೆದರೆ ಉಳಿದ ಮೊಟ್ಟೆಗಳೂ ಕೆಡುತ್ತವೆ. ಹುಂಜವೋ ಹ್ಯಾಟೆಯೋ ಎಂಬುದು ಮಾತ್ರ ಟಾರ್ಚಿಗೆ ಕಾಣುವುದಿಲ್ಲ.