ಬಾಟಲಿಯೊಳಗಿನ ಉಸಿರು



ಈ ಸಂಜೆಯ ಕರಪತ್ರದಲ್ಲಿ ‘ಹೆಡ್ ಹಂಟರ್ಸ್: ಒಂದು ಆಲ್ಬಮ್‌ನ ಆಕರ್ಷಣೆ’ ಎಂದು ಅಚ್ಚಾಗಿದೆ. ಆಲ್ಬಮ್ 41 ನಿಮಿಷದ್ದು. ಅದರಲ್ಲಿರುವುದು ನಾಲ್ಕೇ ರಚನೆಗಳು. ಆದರೆ ನನ್ನ ಮಾತಿನ ಬಹುಪಾಲು ಎರಡನೆಯ ರಚನೆಯ ಹೊಸ್ತಿಲಲ್ಲೇ ನಿಲ್ಲುತ್ತದೆ. ಅಲ್ಲಿ ಒಬ್ಬ ಮನುಷ್ಯ ಬಿಯರ್ ಬಾಟಲಿಯ ಬಾಯಿಗೆ ಊದುತ್ತಾನೆ. ಮೊದಲ ಸಲ ಕೇಳಿದಂದಿನಿಂದ ಆ ಸದ್ದು ನನ್ನನ್ನು ಬಿಟ್ಟಿಲ್ಲ.

ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. ಹರ್ಬೀ ಹ್ಯಾನ್‌ಕಾಕ್ 1940ರಲ್ಲಿ ಶಿಕಾಗೋದಲ್ಲಿ ಹುಟ್ಟಿದವರು. ಹನ್ನೊಂದನೆಯ ವಯಸ್ಸಿನಲ್ಲಿ ಶಿಕಾಗೋ ಸಿಂಫನಿಯ ಜೊತೆ ಕೂತು ಮೊಜಾರ್ಟ್ ನುಡಿಸಿದ ಹುಡುಗ. 1963ರಿಂದ ಐದು ವರ್ಷ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ಪಿಯಾನೊ. ಆಮೇಲೆ ತಾವೇ ಕಟ್ಟಿದ ತಂಡದ ಹೆಸರು ‘ಮ್ವಾಂಡಿಶಿ’. ಸ್ವಾಹಿಲಿಯಲ್ಲಿ ಬರೆಯುವವನು, ರಚನಕಾರ ಎಂದರ್ಥ. ಆ ಸಂಗೀತ ಬಹಳ ಎತ್ತರದಲ್ಲಿ ತೇಲುತ್ತಿತ್ತು. ನೆಲ ಮುಟ್ಟಬೇಕೆನಿಸಿ 1973ರಲ್ಲಿ ಅವರು ಹಳೆಯ ತಂಡದಿಂದ ಸ್ಯಾಕ್ಸೊಫೋನಿನ ಬೆನ್ನೀ ಮೌಪಿನ್ ಒಬ್ಬರನ್ನು ಉಳಿಸಿಕೊಂಡರು. ಬೇಸ್‌ಗೆ ಪಾಲ್ ಜ್ಯಾಕ್ಸನ್, ಡ್ರಮ್ಸ್‌ಗೆ ಹಾರ್ವೀ ಮೇಸನ್, ಉಳಿದ ತಾಳವಾದ್ಯಗಳಿಗೆ ಬಿಲ್ ಸಮ್ಮರ್ಸ್ ಬಂದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುದ್ರಣ ನಡೆಯಿತು. ಅದೇ ವರ್ಷ ಕೊಲಂಬಿಯಾ ಕಂಪನಿ ಬಿಡುಗಡೆ ಮಾಡಿತು.

ಇದು ಜಾಝ್‌ಗೆ ಬಗೆದ ದ್ರೋಹ, ಮಾರುಕಟ್ಟೆಗೆ ಶರಣಾಗತಿ ಎಂದು ಆಗ ದೊಡ್ಡ ಗದ್ದಲವಾಯಿತು. ಆ ಜಗಳ ಸತ್ತುಹೋಗಿದೆ. 2007ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಿಡಬೇಕಾದ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿತು. ಕುಣಿಯಲು ಬರುವ ಸಂಗೀತ ಕಡಿಮೆ ದರ್ಜೆಯದು ಎನ್ನುವವರಿಗೆ ನಾನು ಹಿಂದೆಯೂ ಉತ್ತರ ಕೊಟ್ಟಿಲ್ಲ, ಈಗಲೂ ಕೊಡುವುದಿಲ್ಲ. ನನಗೆ ನೋವು ಕೊಡುವ ಜಗಳ ಬೇರೆ.

ಅದಕ್ಕೆ ಮೊದಲು ಆಕರ್ಷಣೆಯ ಮಾತು. ಮೊದಲ ರಚನೆ ‘ಕಮೀಲಿಯನ್’, ಅಂದರೆ ಗೋಸುಂಬೆ. ಒಂದು ಮಂದ್ರದ ಸಾಲಿನಿಂದ ಶುರುವಾಗುತ್ತದೆ. ಅದನ್ನು ನುಡಿಸುತ್ತಿರುವುದು ಬೇಸ್ ಗಿಟಾರ್ ಅಲ್ಲ, ಹ್ಯಾನ್‌ಕಾಕ್ ಅವರ ಆರ್ಪ್ ಒಡಿಸ್ಸಿ ಎಂಬ ಸಿಂಥಸೈಸರ್. ಅದರ ಮೇಲೆ ಗಿಟಾರ್ ಮೀಟಿದಂತೆ ಕೇಳಿಸುವುದು ಪಾಲ್ ಜ್ಯಾಕ್ಸನ್ ತಮ್ಮ ಬೇಸ್‌ನ ತಾರಸ್ಥಾನದಲ್ಲಿ ಹಿಡಿದ ಸ್ವರಗಳು. ಇಡೀ ಆಲ್ಬಮ್‌ನಲ್ಲಿ ಗಿಟಾರೇ ಇಲ್ಲ! ಅದರ ಜಾಗವನ್ನು ಕ್ಲಾವಿನೆಟ್ ಎಂಬ ಕೀಲಿಮಣೆ ತುಂಬುತ್ತದೆ. ಎರಡೇ ಎರಡು ಸ್ವರಮೇಳಗಳ ಮೇಲೆ ನಿಮಿಷಗಟ್ಟಲೆ ಕೂರುವ ಧೈರ್ಯ ‘ಕಮೀಲಿಯನ್’ಗಿದೆ. ನಮ್ಮಲ್ಲಿ ತನಿ ಆವರ್ತನ ಕೇಳಿದವರಿಗೆ ಇದು ಬೇಗ ಹಿಡಿಸುತ್ತದೆ. ಲೆಕ್ಕ ಬದಲಾಗುವುದಿಲ್ಲ, ಲೆಕ್ಕದೊಳಗಿನ ಜಾಗ ಬದಲಾಗುತ್ತದೆ. ಮೇಸನ್ ಪೆಟ್ಟು ಹೊಡೆಯುವ ಕಡೆಗಿಂತ ಹೊಡೆಯದೆ ಬಿಡುವ ಕಡೆ ನನ್ನ ಕಿವಿ ಹೆಚ್ಚು ನಿಲ್ಲುತ್ತದೆ.

ಈ ಆಲ್ಬಮ್ಮನ್ನು ನನಗೆ ಮೊದಲು ಕೇಳಿಸಿದವರು ಮೈಸೂರಿನಲ್ಲಿ ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಅಮೆರಿಕದಲ್ಲಿ ಓದಿ ಬಂದಿದ್ದವರು. ಸರಸ್ವತಿಪುರಂನ ಅವರ ಮನೆಯಲ್ಲಿ ಭಾನುವಾರ ನಾಲ್ಕೈದು ಹುಡುಗರನ್ನು ಕೂರಿಸಿಕೊಂಡು ಗ್ರಾಮಫೋನ್ ತಟ್ಟೆ ಹಾಕುತ್ತಿದ್ದರು. ಒಂದು ಮಾತೂ ವಿವರಿಸುತ್ತಿರಲಿಲ್ಲ. ಒಂದು ಬದಿ ಮುಗಿದಾಗ ತಟ್ಟೆ ತಿರುಗಿಸುತ್ತಿದ್ದರು, ಅಷ್ಟೆ. ಅವರೇ ಅದನ್ನು ಕ್ಯಾಸೆಟ್‌ಗೆ ಇಳಿಸಿಕೊಟ್ಟರು.

ಆಗ ನಾನು ಮೃದಂಗವನ್ನೂ ಕಲಿಯುತ್ತಿದ್ದೆ. ಅಲ್ಲಿನ ಮೇಷ್ಟ್ರು ಬೇರೆ ಥರದವರು. ಪ್ರತಿ ಮುಕ್ತಾಯ ಹೇಳಿಕೊಡುವಾಗಲೂ ಅದು ಯಾರಿಂದ ಬಂದದ್ದು ಎಂದು ಹೇಳಿದ ಮೇಲೆಯೇ ಕೈ ಇಡುತ್ತಿದ್ದರು. ಇದು ನಮ್ಮ ಗುರುಗಳದ್ದು, ಇದು ಅವರ ಅಣ್ಣನದ್ದು, ಇದು ಒಂದು ಮದುವೆ ಮನೆಯಲ್ಲಿ ತವಿಲಿನವನು ನುಡಿಸಿದ್ದು, ಅವನ ಊರು ಇಂಥದ್ದು. ಹೆಸರು ಗೊತ್ತಿಲ್ಲದಿದ್ದರೆ ಊರು, ಊರೂ ಗೊತ್ತಿಲ್ಲದಿದ್ದರೆ ಸಂದರ್ಭ. ನನಗೆ ಅದೆಲ್ಲ ಪಾಠದ ಹೊತ್ತು ತಿನ್ನುವ ಹರಟೆಯಂತೆ ಕಾಣುತ್ತಿತ್ತು. ಒಮ್ಮೆ ರಾಮೋತ್ಸವದಲ್ಲಿ ರೇಡಿಯೋದಿಂದ ಎತ್ತಿಕೊಂಡ ಒಂದು ಕೋರ್ವೆ ನುಡಿಸಿ ಚಪ್ಪಾಳೆ ತೆಗೆದುಕೊಂಡೆ. ಮಾರನೆಯ ದಿನ ಅವರು “ಯಾರದು?” ಎಂದರು. ರೇಡಿಯೋದ್ದು ಎಂದೆ. ಆ ವಾರವೆಲ್ಲ ಹೊಸ ಪಾಠ ಆಗಲಿಲ್ಲ.

ಒಂದು ದಿನ ಆ ಕ್ಯಾಸೆಟ್ಟನ್ನು ಮೃದಂಗದ ಮೇಷ್ಟ್ರ ಮನೆಗೆ ಒಯ್ದೆ. ‘ಕಮೀಲಿಯನ್’ ನಡೆಯುವಾಗ ಅವರ ಕೈ ತಾನಾಗಿ ತೊಡೆಯ ಮೇಲೆ ತಾಳಕ್ಕೆ ಬಿತ್ತು. ಕಣ್ಣು ಮುಚ್ಚಿದರು. ಆಮೇಲೆ ಎರಡನೆಯ ರಚನೆ ‘ವಾಟರ್‌ಮೆಲನ್ ಮ್ಯಾನ್’ ಶುರುವಾಯಿತು. ಬಾಟಲಿಯ ಒಂದು ಊದು, ಬಾಯಿಯ ಒಂದು ಕೂಗು, ಮತ್ತೆ ಊದು, ಮತ್ತೆ ಕೂಗು. ಅದರ ಮೇಲೆ ಇನ್ನೊಂದು, ಅದರ ಸಂದಿಗೆ ಮತ್ತೊಂದು. ಹಾಗೆ ಹೆಣೆಯುತ್ತಾ ಹೋದ ಮೇಲೆ ಬೇಸ್ ನಿಧಾನವಾಗಿ ಒಳಗೆ ಬರುತ್ತದೆ. ಮೇಷ್ಟ್ರು ಕಣ್ಣು ತೆರೆದು ಕೇಳಿದ್ದು ಒಂದೇ ಪ್ರಶ್ನೆ: “ಇದನ್ನು ಯಾರ ಹತ್ತಿರ ಕಲಿತ?”

ನನಗೆ ಗೊತ್ತಿರಲಿಲ್ಲ. ಉತ್ತರ ಸಿಗುವ ಹೊತ್ತಿಗೆ ಅವರಿರಲಿಲ್ಲ. ಆ ಉತ್ತರವನ್ನು ಈ ಸಭೆಯ ಮುಂದೆ ಇಡುತ್ತಿದ್ದೇನೆ.

ಮಧ್ಯ ಆಫ್ರಿಕಾ ಗಣರಾಜ್ಯದ ಕಾಡುಗಳಲ್ಲಿ ಬಾ-ಬೆಂಜೆಲೆ ಎಂಬ ಜನರಿದ್ದಾರೆ. ಹೊರಗಿನವರು ಅವರನ್ನು ಪಿಗ್ಮಿ ಗುಂಪಿಗೆ ಸೇರಿಸುತ್ತಾರೆ. ನಮ್ಮ ಕರಾವಳಿಯಲ್ಲಿ 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯಿಂದಾಗಿ ಆ ಪದ ನಮ್ಮ ಮನೆಮಾತು. ಅಲ್ಲಿ ಅದು ಪುಟ್ಟ ಉಳಿತಾಯಕ್ಕೆ ಇಟ್ಟ ಹೆಸರು. ಆದರೆ ಒಂದು ಜನಾಂಗವನ್ನು ಅದರ ಮೈಯ ಅಳತೆಯಿಂದ ಕರೆಯುವುದು ನನಗೆ ಒಗ್ಗುವುದಿಲ್ಲ. ಬಾ-ಬೆಂಜೆಲೆ ಎಂದೇ ಕರೆಯೋಣ.

ಅವರಲ್ಲಿ ಪರಂಗಿಯ ದಂಟಿನಿಂದ ಮಾಡಿದ, ಒಂದೇ ಸ್ವರ ಕೊಡುವ ಒಂದು ಪೀಪಿ ಇದೆ. ನಮ್ಮ ಹಿತ್ತಲಿನ ಪರಂಗಿಯೇ. ಅದರ ಎಲೆಯ ದಂಟಿನಿಂದ ನಾವೂ ಚಿಕ್ಕಂದಿನಲ್ಲಿ ಪೀಪಿ ಮಾಡಿದವರು. ನುಡಿಸುವವರು ಒಂದು ಸ್ವರವನ್ನು ಅದರಲ್ಲಿ ಊದಿ, ಮರುಕ್ಷಣ ಬೇರೆ ಸ್ವರವನ್ನು ಬಾಯಿಯಿಂದ ಕೂಗುತ್ತಾರೆ. ಊದಿದ್ದು ಎಲ್ಲಿ ಮುಗಿಯಿತು, ಹಾಡಿದ್ದು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಅದರ ಹೆಸರು ಹಿಂಡೆವ್ಹು. ಹೆಸರೇ ಆ ಸದ್ದಿನ ಅನುಕರಣೆ. ಬೇಟೆಯಿಂದ ಮರಳುವುದನ್ನು ಸಾರಲು ಅದನ್ನು ನುಡಿಸುತ್ತಾರೆ.

ಇದು ಹೊರಜಗತ್ತಿಗೆ ತಲುಪಿದ್ದು ಸಿಂಹಾ ಅರೋಮ್ ಎಂಬವರಿಂದ. ಅವರು ಫ್ರೆಂಚ್ ಹಾರ್ನ್ ವಾದಕರು. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಹಿತ್ತಾಳೆ ವಾದ್ಯಗಳ ಬ್ಯಾಂಡ್ ಕಟ್ಟಲೆಂದು 1963ರಲ್ಲಿ ಇಸ್ರೇಲ್ ಕಳಿಸಿದ ಮನುಷ್ಯ. ಹೋದವರು ಕಾಡಿನ ಹಾಡಿಗೆ ಸೋತು ತಮ್ಮ ಉಳಿದ ಬಾಳನ್ನು ಅದರ ಅಧ್ಯಯನಕ್ಕೆ ಕೊಟ್ಟರು. ಜನೆವಿಯೆವ್ ತೊರೆಲ್ ಜೊತೆ ಅವರು ಮಾಡಿದ ಬಾ-ಬೆಂಜೆಲೆ ಸಂಗೀತದ ತಟ್ಟೆ 1966ರಲ್ಲಿ ಬಂತು. ಬಿಲ್ ಸಮ್ಮರ್ಸ್ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜನಾಂಗೀಯ ಸಂಗೀತಶಾಸ್ತ್ರ ಓದಿದವರು. ಆ ತಟ್ಟೆ ಅವರ ಕಿವಿಗೆ ಬಿತ್ತು. ಪರಂಗಿಯ ದಂಟಿನ ಜಾಗಕ್ಕೆ ಬಾಟಲಿ ಬಂತು.

ಆದ್ದರಿಂದ ಮೇಷ್ಟ್ರ ಪ್ರಶ್ನೆಗೆ ಉತ್ತರ: ತಟ್ಟೆಯ ಹತ್ತಿರ ಕಲಿತ. ರೇಡಿಯೋ ಹತ್ತಿರ ನಾನು ಕಲಿತಂತೆಯೇ.

ಆಲ್ಬಮ್‌ನಲ್ಲಿ ಸಮ್ಮರ್ಸ್ ನುಡಿಸಿದ ವಾದ್ಯಗಳ ಉದ್ದದ ಪಟ್ಟಿಯಿದೆ. ಕಾಂಗಾ, ಶೆಕೆರೆ, ಬಾಲಫೋನ್, ಕೊನೆಗೆ ಬಿಯರ್ ಬಾಟಲಿ. ನಡುವೆ, ಕಾಗುಣಿತ ಸ್ವಲ್ಪ ಬದಲಾಗಿ, ಹಿಂಡೆವ್ಹೊ ಎಂಬ ಪದವೂ ಇದೆ. ಮುಚ್ಚಿಟ್ಟಿಲ್ಲ. ಆದರೆ ಆ ಪಟ್ಟಿಯಲ್ಲಿ ಸದ್ದಿನ ಹೆಸರಿದೆ, ಜನರ ಹೆಸರಿಲ್ಲ. ಮುಖಪುಟವೂ ಹಾಗೆಯೇ. ವಿಕ್ಟರ್ ಮೊಸ್ಕೊಸೊ ಅದರಲ್ಲಿ ಬರೆದ ಮುಖವಾಡಕ್ಕೆ ಐವರಿ ಕೋಸ್ಟಿನ ಬೌಲೆ ಜನರ ಕ್ಪ್ಲೆ ಕ್ಪ್ಲೆ ಮುಖವಾಡವೇ ಮೂಲ. ಟೇಪ್ ರೆಕಾರ್ಡರಿನ ಕಾಂತತೆ ಕಳೆಯುವ ಒಂದು ಉಪಕರಣದ ಆಕಾರವೂ ಅದರಲ್ಲಿ ಬೆರೆತಿದೆ.

ಈಗ ನನ್ನನ್ನು ಬಹಳ ಕಾಡಿದ ಸಂಗತಿಗೆ ಬರುತ್ತೇನೆ. ‘ವಾಟರ್‌ಮೆಲನ್ ಮ್ಯಾನ್’ ಹ್ಯಾನ್‌ಕಾಕ್ 1962ರಲ್ಲೇ ಮಾಡಿದ್ದ ರಚನೆ. ಶಿಕಾಗೋದ ಹಿಂಬೀದಿಗಳಲ್ಲಿ ಕಲ್ಲಂಗಡಿ ಮಾರುವವನ ಗಾಡಿಯ ಚಕ್ರ ಕಲ್ಲುಹಾಸಿನ ಮೇಲೆ ಉರುಳುವ ಲಯ, ಅವನನ್ನು ಕರೆಯುವ ಹೆಂಗಸರ ದನಿ, ಇವು ಅದರ ಬೀಜ. ಅದು ಅವರ ಮೊದಲ ಆಲ್ಬಮ್‌ಗಾಗಿ ಬರೆದದ್ದು. ಇಪ್ಪತ್ತೆರಡು ವರ್ಷದ ಹುಡುಗನಿಗೆ ಅವರ ಹಿರಿಯ, ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್, ರಚನೆಯ ಪ್ರಕಟಣೆಯ ಹಕ್ಕನ್ನು ಆ ಆಲ್ಬಮ್ ತರುತ್ತಿದ್ದ ಕಂಪನಿಗೆ ಬರೆದುಕೊಡಬೇಡ ಎಂದು ಕಿವಿಮಾತು ಹೇಳಿದರು. ಕಂಪನಿ ಪಟ್ಟು ಹಿಡಿದಾಗ ಹ್ಯಾನ್‌ಕಾಕ್ ಮುದ್ರಣವನ್ನೇ ಬಿಟ್ಟು ಎದ್ದು ನಡೆಯಲು ಸಿದ್ಧರಾದರು. ಕಂಪನಿ ಮಣಿಯಿತು. ಮರುವರ್ಷ ಮೊಂಗೊ ಸಾಂತಾಮರಿಯಾ ಅದೇ ರಚನೆಯನ್ನು ನುಡಿಸಿ ಅಮೆರಿಕದ ಜನಪ್ರಿಯ ಪಟ್ಟಿಯ ಹತ್ತನೆಯ ಸ್ಥಾನಕ್ಕೆ ಮುಟ್ಟಿಸಿದರು. ಹಕ್ಕಿನ ಹಣ ಹ್ಯಾನ್‌ಕಾಕ್ ಅವರಿಗೆ ಬಂತು. ಆ ಬರ್ಡ್ ಅವರನ್ನು ನೆನೆದಾಗಲೆಲ್ಲ ನನಗೆ ಸಂತೋಷ. ಶಿಷ್ಯನಿಗೆ ಸ್ವರದ ಜೊತೆ ಸ್ವತ್ತನ್ನೂ ಕಾಯುವುದು ಕಲಿಸಿದ ಗುರು.

ಯೋಚಿಸಿ ನೋಡಿ. ತನ್ನ ರಾಗದ ಹಕ್ಕನ್ನು ಬಿಡದೆ ಬಾಗಿಲವರೆಗೆ ನಡೆದ ಮನುಷ್ಯ, ಹನ್ನೊಂದು ವರ್ಷದ ಮೇಲೆ, ಅದೇ ರಾಗದ ಬಾಗಿಲಿಗೆ ಹಕ್ಕು ಕೇಳಲಾಗದ ಜನರ ಉಸಿರನ್ನು ತೋರಣ ಕಟ್ಟಿದರು.

1994ರಲ್ಲಿ ಮಡೋನಾ ತಮ್ಮ ‘ಸ್ಯಾಂಕ್ಚುಯರಿ’ ಹಾಡಿನಲ್ಲಿ ಈ ‘ವಾಟರ್‌ಮೆಲನ್ ಮ್ಯಾನ್’ನ ತುಣುಕನ್ನು ಬಳಸಿಕೊಂಡರು. ರಚನಕಾರರ ಸಾಲಿನಲ್ಲಿ ಹ್ಯಾನ್‌ಕಾಕ್ ಹೆಸರಿದೆ. ಬಾ-ಬೆಂಜೆಲೆ ಹೆಸರಿಲ್ಲ. ಮಾನವಶಾಸ್ತ್ರಜ್ಞ ಸ್ಟೀವನ್ ಫೆಲ್ಡ್ 1996ರ ತಮ್ಮ ಲೇಖನದಲ್ಲಿ ಈ ಕೈಬದಲಾವಣೆಗಳ ವಂಶಾವಳಿಯನ್ನೇ ಬಿಡಿಸಿಟ್ಟಿದ್ದಾರೆ. ಅವರು ಹ್ಯಾನ್‌ಕಾಕ್ ಅವರನ್ನೇ ಈ ಬಗ್ಗೆ ಕೇಳಿದಾಗ, ಇದು ಅಣ್ಣತಮ್ಮಂದಿರ ನಡುವಿನ ಸಂಗತಿ ಎಂಬ ಅರ್ಥದ ಉತ್ತರ ಬಂತು.

ಆ ಉತ್ತರವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆಫ್ರಿಕಾದಿಂದ ಸರಪಳಿಯಲ್ಲಿ ಒಯ್ದವರ ಮಕ್ಕಳ ಮಕ್ಕಳು ಇವರು. ಭಾಷೆ, ಕುಲ, ಊರು ಎಲ್ಲವನ್ನೂ ಕಿತ್ತುಕೊಂಡ ಮೇಲೆ ಒಂದು ಸ್ವಾಹಿಲಿ ಹೆಸರು ಇಟ್ಟುಕೊಂಡು, ಒಂದು ಬಾಟಲಿಯಲ್ಲಿ ಊದಿ, ನಮ್ಮವರು ಅಲ್ಲಿದ್ದಾರೆ ಎಂದು ಕೂಗುವುದಕ್ಕೆ ಒಂದು ನೈತಿಕ ಬಲವಿದೆ. ಮೇಲಾಗಿ ಸಮ್ಮರ್ಸ್ ಆ ತಟ್ಟೆಯ ತುಣುಕನ್ನು ಕತ್ತರಿಸಿ ಅಂಟಿಸಲಿಲ್ಲ. ತಮ್ಮ ತುಟಿ, ತಮ್ಮ ಉಸಿರು ಹಾಕಿ ಅಭ್ಯಾಸ ಮಾಡಿದರು. ಅಭ್ಯಾಸ ಮಾಡಿದವನನ್ನು ಕಳ್ಳ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ನಾಗಸ್ವರದ ಮನೆಯಲ್ಲಿ ಹುಟ್ಟಿದವರು ಆ ವಾದ್ಯಕ್ಕೆ ಗಮಕ ಕಲಿಸಲು ವರ್ಷಗಟ್ಟಲೆ ಬೆವರು ಸುರಿಸಿದರು. ಅವರು ಕದ್ದರು ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ? ಬಹಳ ದಿನ ಇದೇ ಉದಾಹರಣೆ ಕೊಟ್ಟು ನಾನು ಸಮ್ಮರ್ಸ್ ಪರ ವಾದಿಸುತ್ತಿದ್ದೆ. ಒಂದು ರಾತ್ರಿ ಹೊಳೆಯಿತು. 1846ರಲ್ಲಿ ಪ್ಯಾರಿಸಿನಲ್ಲಿ ಆ ವಾದ್ಯಕ್ಕೆ ಪೇಟೆಂಟ್ ಪಡೆದವರು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್. ನಾವು ಸ್ಯಾಕ್ಸೊಫೋನ್ ಎಂದಾಗಲೆಲ್ಲ ಕೊಟ್ಟವನ ಹೆಸರು ಹೇಳಿಯೇ ಬಿಡುತ್ತೇವೆ. ಮೃದಂಗದ ಮೇಷ್ಟ್ರ ನಿಯಮ ಅಲ್ಲಿ ತಾನಾಗಿ ಪಾಲನೆಯಾಗುತ್ತದೆ. ಹಿಂಡೆವ್ಹು ಎಂದಾಗ ಬರೀ ಸದ್ದು ಕೇಳಿಸುತ್ತದೆ. ಅದರೊಳಗೆ ಯಾರ ಹೆಸರೂ ಇಲ್ಲ. ಅಂದಿನಿಂದ ಕದ್ರಿಯವರ ಉದಾಹರಣೆ ನನಗೆ ನೆರವಾಗುತ್ತಿಲ್ಲ.

ಹಾಗಾದರೆ ನನ್ನ ನಿಲುವೇನು ಎಂದು ನೀವು ಕೇಳಬಹುದು. ಅಣ್ಣತಮ್ಮಂದಿರಾದರೆ ಅನುಮತಿ ಬೇಕೆ? ಬೇಡವೆಂದರೆ, ಅಣ್ಣತಮ್ಮಂದಿರ ನಡುವೆಯೇ ಅಲ್ಲವೆ ಪಾಲುಪತ್ರ ಆಗುವುದು? ಪಾಲು ಕೊಡಬೇಕೆಂದರೆ ಯಾರ ಕೈಗೆ ಕೊಡುವುದು, ಊದಿದ ಒಬ್ಬರಿಗೋ, ಇಡೀ ಕಾಡಿಗೋ? ಹೆಸರು ಹೇಳಿದರೆ ಸಾಲ ತೀರುತ್ತದೆಯೆ, ಅಥವಾ ಹೆಸರು ಹೇಳುವುದು ಸಾಲವಿದೆ ಎಂದು ಒಪ್ಪಿಕೊಳ್ಳುವುದು ಮಾತ್ರವೆ? ಇಷ್ಟೆಲ್ಲ ಗೊತ್ತಿದ್ದೂ ಆ ಬಾಟಲಿ ಊದಿದ ಕ್ಷಣ ನನ್ನ ಮೈ ಇವತ್ತಿಗೂ ಜುಮ್ಮೆನ್ನುತ್ತದಲ್ಲ, ಆ ಸುಖಕ್ಕೆ ನಾನು ಯಾರಿಗೆ ಋಣಿ? ಹ್ಯಾನ್‌ಕಾಕ್ ಅವರಿಗೆ ಎಂದು ಒಂದು ದಿನ ಅನಿಸುತ್ತದೆ. ಸಮ್ಮರ್ಸ್‌ಗೆ ಎಂದು ಇನ್ನೊಂದು ದಿನ. ಬೇಟೆ ಮುಗಿಸಿ ಮರಳುತ್ತಾ ಊದಿದ, ನಾನೆಂದೂ ನೋಡದ ಆ ಒಬ್ಬರಿಗೆ ಎಂದು ಹಲವು ದಿನ.

ಆಯೋಜಕರ ಒಪ್ಪಿಗೆಯಿಂದ ಈಗ ಎರಡು ಧ್ವನಿಮುದ್ರಣ ಹಾಕುತ್ತೇನೆ. ಮೊದಲು ಅರೋಮ್ ತಂದ ಬಾ-ಬೆಂಜೆಲೆ ಹಿಂಡೆವ್ಹು. ಆಮೇಲೆ ‘ವಾಟರ್‌ಮೆಲನ್ ಮ್ಯಾನ್’, ಕೊನೆಯವರೆಗೆ, ಯಾಕೆಂದರೆ ಕೊನೆಯಲ್ಲಿ ಆ ಬಾಟಲಿ ಮತ್ತೆ ಬರುತ್ತದೆ. ದಯವಿಟ್ಟು ಇದೇ ಅನುಕ್ರಮದಲ್ಲಿ ಕೇಳಿ. ಮನೆಗೆ ಹೋಗಿ ಮಕ್ಕಳಿಗೆ ಕೇಳಿಸುವಾಗಲೂ ಬಾ-ಬೆಂಜೆಲೆ ಎಂಬ ಹೆಸರನ್ನು ಮೊದಲು ಹೇಳಿ.