ಬಿಸಿಲಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಮಾಳಿಗೆಯ ಮೇಲೆ ತಾವೇ ಸೌರಫಲಕ ಕೂರಿಸುವವರು ಮೊದಲು ಕಾಲನ್ನು ಅಳೆದು, ಆಮೇಲೆ ಹಾಸಿಗೆಯನ್ನು ಹೊಲಿಸಬೇಕು. ನಾನು ಹಾಗೆ ಮಾಡಲಿಲ್ಲ. ೫೦ ವಾಟಿನ ಫಲಕವೊಂದನ್ನು ತಂದು, ಚಿಂತೆ ತೀರಿತೆಂದುಕೊಂಡೆ. ಗಾಳಿಮಳೆಗೆ ಕಂಬ ಉರುಳಿ ಕರೆಂಟು ಹೋಗಿದ್ದ ಆಷಾಢದ ರಾತ್ರಿ ದೀಪ ಆರಿತು, ಮೊಬೈಲೂ ಮೂಕವಾಯಿತು. ಊರಿನಲ್ಲಿ ಅಣ್ಣ ತೀರಿಕೊಂಡ ವಾರ್ತೆ ನನಗೆ ತಿಳಿದದ್ದು ಮರುದಿನ ಮಧ್ಯಾಹ್ನ.

ಅನಂತರ ಲೆಕ್ಕಕ್ಕೆ ಕುಳಿತೆ. ಉಪಕರಣದ ವಾಟನ್ನು ಬಳಸುವ ಗಂಟೆಗಳಿಂದ ಗುಣಿಸಿದರೆ ವಾಟ್-ಗಂಟೆ. ೯ ವಾಟಿನ ಎರಡು ಎಲ್‌ಇಡಿ ದೀಪಗಳಿಗೆ ೫ ಗಂಟೆಗೆ ೯೦. ೧೦ ವಾಟಿನ ರೌಟರಿಗೆ ೧೦ ಗಂಟೆಗೆ ೧೦೦. ೫ ವಾಟಿನ ರೇಡಿಯೋಕ್ಕೆ ೪ ಗಂಟೆಗೆ ೨೦. ಎರಡು ಮೊಬೈಲುಗಳಿಗೆ ೩೦. ಒಟ್ಟು ೨೪೦. ತಂತಿ, ಬ್ಯಾಟರಿ, ಧೂಳು, ಫಲಕದ ಬಿಸಿ ಇವೆಲ್ಲ ತಮ್ಮ ಪಾಲನ್ನು ಕಸಿಯುವುದರಿಂದ ಸುಮಾರು ೩೪೦ ದುಡಿಯಬೇಕು.

ಫಲಕದ ಮೇಲೆ ಅಚ್ಚಾದ ವಾಟು ಪ್ರಖರ ಬಿಸಿಲಿನದು. ಬೇಸಿಗೆಯಲ್ಲಿ ಅದು ದಿನಕ್ಕೆ ೫-೬ ಗಂಟೆಗೆ ಸಮನಾಗಿ ದೊರೆತರೂ, ಮುಂಗಾರಿಗೆ ೩ ಎಂದು ಹಿಡಿಯುವುದೇ ಕ್ಷೇಮ. ೩೪೦ನ್ನು ೩ರಿಂದ ಭಾಗಿಸಿದರೆ ೧೧೩. ಎಂದರೆ ೧೨೦ ವಾಟಿನ ಫಲಕ.

ಮೋಡದ ಎರಡು ದಿನಗಳಿಗೆ ೪೮೦ ವಾಟ್-ಗಂಟೆ ಕೂಡಿಡಬೇಕು. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತಿದ್ದರೆ ಆಯುಷ್ಯ ಕುಗ್ಗುವುದು. ಆದ್ದರಿಂದ ೯೬೦, ೧೨ ವೋಲ್ಟಿನಲ್ಲಿ ೮೦ ಆಂಪಿಯರ್-ಗಂಟೆ. ಬ್ಯಾಟರಿಯ ಬಳಿಯಲ್ಲೇ ಫ್ಯೂಸಿರಲಿ.

ಈಗ ಆಷಾಢದಲ್ಲೂ ನಮ್ಮ ಮನೆಯ ದೀಪ ಆರುವುದಿಲ್ಲ. ಅಣ್ಣನ ಕರೆ ಮಾತ್ರ ಬರುವುದಿಲ್ಲ.