ಸವಾರಿ ಹೊರೆಯಾಗದಿರಲಿ

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮೇಲೂ ಸಲಾತ್, ಸಲಾಮ್‌ಗಳಿರಲಿ.



ಈಚೆಗೆ ಅಜ್ಜಂಪುರ ಕಡೆಯ ಸಹೋದರರೊಬ್ಬರು ನಮಾಝ್ ಮುಗಿದ ಮೇಲೆ ನಮ್ಮ ಪಕ್ಕ ಬಂದು ಕುಳಿತರು. "ಹಜ್ರತ್, ಈ ಸಲ ಅಡಿಕೆ ಕೈ ಹಿಡಿದಿದೆ. ಫಾರ್ಚೂನರ್ ತಗೊಳ್ಳೋಣ ಅಂತಿದ್ದೀನಿ. ತಪ್ಪೇನಾದರೂ ಇದೆಯಾ?" ಎಂದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ಕಡೂರಿನಲ್ಲೂ ತರೀಕೆರೆಯಲ್ಲೂ ಈ ಮಾತು ಕೇಳುತ್ತಿದ್ದೇವೆ. ಅವರ ಅನುಮತಿ ಪಡೆದೇ ಇಂದು ಇದನ್ನು ತೂಗಿ ನೋಡೋಣ.

ಸವಾರಿ ಅಲ್ಲಾಹನ ಅನುಗ್ರಹ. ಕುದುರೆ, ಹೇಸರಗತ್ತೆ, ಕತ್ತೆಗಳು ಸವಾರಿಗೂ ಶೋಭೆಗೂ ಸೃಷ್ಟಿಯಾಗಿವೆ ಎಂದು ಸೂರಃ ಅನ್ನಹ್ಲ್‌ನ 8ನೇ ವಚನ ತಿಳಿಸುತ್ತದೆ. ಆದ್ದರಿಂದ ಚೆಂದದ ಗಾಡಿ ಇಟ್ಟುಕೊಳ್ಳುವುದೇ ಪಾಪ ಎಂದು ನಾವು ಹೇಳುವುದಿಲ್ಲ. ಅಜ್ಜ, ಅಜ್ಜಿ, ಮಕ್ಕಳು ಸೇರಿ ಏಳು ಜನ ಒಂದೇ ಗಾಡಿಯಲ್ಲಿ ಹೋಗಬಹುದು. ಮಳೆಗಾಲದಲ್ಲಿ ತೋಟದ ದಾರಿಗೆ ಎತ್ತರದ ಗಾಡಿ ಅನುಕೂಲ. ನಡುರಾತ್ರಿ ತರೀಕೆರೆಯಿಂದ ಶಿವಮೊಗ್ಗದ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯಬೇಕಾದಾಗ ಗಾಡಿಯ ಬೆಲೆ ಗೊತ್ತಾಗುತ್ತದೆ.

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ಇಂಥ ಗಾಡಿ ರಸ್ತೆಗಿಳಿಯುವ ಹೊತ್ತಿಗೆ 40 ಲಕ್ಷ ರೂಪಾಯಿ ದಾಟುತ್ತದೆ. ಡೀಸೆಲ್, ಟಯರ್, ವಿಮೆ, ಸರ್ವಿಸ್ ಎಲ್ಲವೂ ದೊಡ್ಡ ಲೆಕ್ಕ. 30 ಲಕ್ಷವನ್ನು ಶೇ. 9ರ ಬಡ್ಡಿಗೆ 7 ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 48 ಸಾವಿರ. ಕೊನೆಗೆ ಬಡ್ಡಿಯೇ ಹತ್ತು ಲಕ್ಷ ಮೀರುತ್ತದೆ. ಬಡ್ಡಿ ಹರಾಮ್ ಎಂಬುದು ನಮಗೆಲ್ಲ ಗೊತ್ತು. ಅಡಿಕೆಯ ಬೆಲೆ ಏರುತ್ತದೆ, ಇಳಿಯುತ್ತದೆ. ಕಂತು ಮಾತ್ರ ಇಳಿಯುವುದಿಲ್ಲ. ಸ್ವಂತ ಬಳಕೆಯ ವಾಹನಕ್ಕೆ ಝಕಾತ್ ಇಲ್ಲ, ನಿಜ. ಆದರೆ ಅದೇ 40 ಲಕ್ಷ ವರ್ಷವಿಡೀ ಕೈಯಲ್ಲಿದ್ದಿದ್ದರೆ ಅದರಲ್ಲಿ ಒಂದು ಲಕ್ಷ ಬಡವರ ಹಕ್ಕಾಗುತ್ತಿತ್ತು ಎಂಬುದನ್ನೂ ನೆನಪಿಡೋಣ.

ಹಾಗಾದರೆ ತೀರ್ಮಾನ ಹೇಗೆ? ಬುಖಾರಿಯಲ್ಲಿರುವ ಒಂದು ಹದೀಸ್‌ನಲ್ಲಿ ಪ್ರವಾದಿ(ಸ)ರು ಕುದುರೆಯನ್ನು ಮೂರು ಬಗೆಯಾಗಿ ವಿವರಿಸಿದ್ದಾರೆ. ಅಲ್ಲಾಹನ ಮಾರ್ಗಕ್ಕಾಗಿ ಸಾಕಿದವನಿಗೆ ಅದು ಪ್ರತಿಫಲ. ಯಾರ ಮುಂದೆಯೂ ಕೈಚಾಚದೆ ಬದುಕಲು ಸಾಕಿ, ಅದರಲ್ಲಿರುವ ಅಲ್ಲಾಹನ ಹಕ್ಕನ್ನು ಮರೆಯದವನಿಗೆ ಅದು ಮರೆ. ಜಂಬಕ್ಕಾಗಿ, ತೋರಿಕೆಗಾಗಿ ಸಾಕಿದವನಿಗೆ ಅದು ಹೊರೆ. ಪ್ರಾಣಿ ಒಂದೇ, ಸವಾರನ ನಿಯ್ಯತ್ ಬೇರೆ.

ಆ ಸಹೋದರರಿಗೆ ನಾವು ಇದನ್ನು ವಿವರಿಸಿ ಒಂದೇ ಪ್ರಶ್ನೆ ಕೇಳಿದೆವು: "ತಂದೆಯವರ ತೋಟದಲ್ಲಿ ನಿಮ್ಮ ತಂಗಿಯ ಪಾಲು ಕೊಟ್ಟಾಗಿದೆಯಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಳು ಕೇಳಿಲ್ಲ, ಹಜ್ರತ್" ಎಂದರು. ಸಹೋದರರೇ, ಹೆಣ್ಣುಮಕ್ಕಳ ಪಾಲನ್ನು ಸೂರಃ ಅನ್ನಿಸಾದಲ್ಲಿ ಅಲ್ಲಾಹನೇ ನಿಗದಿಪಡಿಸಿದ್ದಾನೆ. ತವರಿನ ಪ್ರೀತಿ ಕಳೆದುಕೊಳ್ಳುವ ಭಯಕ್ಕೆ ಅವರು ಕೇಳದಿರಬಹುದು. ಅವರು ಕೇಳಲಿಲ್ಲವೆಂದು ಹಕ್ಕು ಅಳಿಯುವುದಿಲ್ಲ. ತಂಗಿಯ ಪಾಲಿನ ಅಡಿಕೆ ಮಾರಿ ತಂದ ಗಾಡಿ ಎಷ್ಟು ಹೊಳೆದರೂ ಅದು ಹೊರೆಯೇ.

ಆ ಸಹೋದರರು ಈಗ ಜಮೀನಿನ ಕಾಗದಪತ್ರ ತೆಗೆಸುತ್ತಿದ್ದಾರೆ. ಗಾಡಿಯ ಮಾತು ಆಮೇಲೆ ಎಂದಿದ್ದಾರೆ. ಅಲ್ಲಾಹನು ಅವರಿಗೆ ಬರಕತ್ ನೀಡಲಿ.

ದೊಡ್ಡ ಗಾಡಿ ಈಗಾಗಲೇ ಇರುವವರು ಅದನ್ನು ಪ್ರತಿಫಲವಾಗಿಸಿಕೊಳ್ಳಲಿ. ನಡೆಯಲಾಗದ ಹಿರಿಯರನ್ನು ಜುಮಾಕ್ಕೆ ಕರೆತನ್ನಿ. ಹೆರಿಗೆಗೆ, ಆಸ್ಪತ್ರೆಗೆ ನೆರೆಯವರು ಯಾವ ಧರ್ಮದವರೇ ಆಗಲಿ, ಕೀಲಿ ಕೊಡಲು ಹಿಂಜರಿಯಬೇಡಿ. ಮಸೀದಿಯ ಗಲ್ಲಿಯಲ್ಲಿ ಅಡ್ಡ ನಿಲ್ಲಿಸಿ ಜನರ ದಾರಿ ಕಟ್ಟಬೇಡಿ. ಎತ್ತರದ ಬಾನೆಟ್ಟಿನ ಮುಂದೆ ನಿಂತ ಮಗು ಚಾಲಕನಿಗೆ ಕಾಣುವುದಿಲ್ಲ. ಬಿಸ್ಮಿಲ್ಲಾಹ್ ಹೇಳುವ ಮುನ್ನ ಗಾಡಿಯ ಸುತ್ತ ಒಮ್ಮೆ ನೋಡಿ.

ನಮ್ಮ ಸವಾರಿಗಳನ್ನು ನಾಳೆ ನಮ್ಮ ಪರವಾಗಿ ಸಾಕ್ಷಿಯಾಗಿಸು ಅಲ್ಲಾಹ್. ಆಮೀನ್.